ಎರಡನೆಯ ಸಲ ಕೇಳಲಿಲ್ಲ

ನಮ್ಮ ಪಡಸಾಲೆಯ ಗೋಡೆಯ ಮೇಲೆ ನನ್ನ ಹೆಂಡತಿ ಪಾರವ್ವನ ಫೋಟೋ ಇದೆ. ಆಕೆ ತೀರಿಕೊಂಡು ಎರಡು ವರ್ಷವಾಯಿತು. ಫೋಟೋದಲ್ಲಿ ಮಾತ್ರ ಆಕೆಗೆ ಇಪ್ಪತ್ತೆರಡೇ ವರ್ಷ. ತಲೆಯ ಮೇಲೆ ಸೆರಗು, ಹಣೆಯ ತುಂಬ ಕುಂಕುಮ, ಯಾರೋ ಈಗಷ್ಟೇ ಹೆಸರು ಹಿಡಿದು ಕರೆದರೇನೋ ಎಂಬಂಥ ನೋಟ. ಬಲಗಡೆಯ ಕೆಳ ಮೂಲೆಯಲ್ಲಿ, ಸರಿಯಾಗಿ ಸೆರಗಿನ ಅಂಚಿನ ಮೇಲೆ, ಒಂದು ಗುಂಡು ಮುದ್ರೆಯ ಕಾಲು ಭಾಗ ಒತ್ತಿದೆ. ಮನೆಗೆ ಬಂದವರು ಮೊದಲು ಫೋಟೋಕ್ಕೆ ಕೈ ಮುಗಿಯುತ್ತಾರೆ. ಆಮೇಲೆ ಕಣ್ಣು ಕಿರಿದು ಮಾಡಿ ಆ ಮೂಲೆಯನ್ನು ನೋಡುತ್ತಾರೆ.

"ಇದೇನ್ರಿ ಅಜ್ಜಾರ, ಅಮ್ಮಾರ ಫೋಟೋಕ್ಕ ಸರಕಾರಿ ಶಿಕ್ಕಾ ಬಿದ್ದೈತಲ್ಲ?"

"ಪಾಸ್‌ಪೋರ್ಟಿಂದು ಅದು," ಅನ್ನುತ್ತೇನೆ.

"ಅಬಬ! ಅಮ್ಮಾರು ಪರದೇಶಕ್ಕ ಹೋಗಿದ್ದರೇನ್ರಿ?"

"ಇಲ್ಲ. ಫೋಟೋ ಅಷ್ಟ ಹೋಗಿತ್ತು."

ಅವರು ನಗುತ್ತಾರೆ. ನಾನೂ ಅವರ ಜೊತೆ ನಕ್ಕು, ಚಹಾ ತರಿಸುತ್ತೇನೆ. ಹೋಗಿ ಬಂದವನು ನಾನು, ಆಕೆಯ ಫೋಟೋವನ್ನು ಜೇಬಿನಲ್ಲಿಟ್ಟುಕೊಂಡು ವೆಸ್ಟ್ ಇಂಡೀಜಿನ ಐದಾರು ಬಂದರುಗಳಲ್ಲಿ ತಿರುಗಿದವನು ನಾನು, ಎಂದು ಬಿಡಿಸಿ ಹೇಳುವ ಉಸಾಬರಿಗೆ ಹೋಗುವುದಿಲ್ಲ. ನಿಮಗೆ ಹೇಳುತ್ತೇನೆ. ನೀವು ಮಧ್ಯದಲ್ಲಿ ಎದ್ದು ಹೋದರೂ ನನಗೆ ಕಾಣುವುದಿಲ್ಲ.

ಆಗ ನಾನು ಗದುಗಿನ ಒಬ್ಬ ಹತ್ತಿ ವ್ಯಾಪಾರಿಯಲ್ಲಿ ಕೆಲಸಕ್ಕಿದ್ದೆ. ಹತ್ತಿಯ ದರ್ಜೆ ಹೇಳುವುದು ನನ್ನ ಕೆಲಸ. ಅಂಡಿಗೆಯಿಂದ ಒಂದು ಚಿಟಿಕೆ ಹತ್ತಿ ಕಿತ್ತು, ಎರಡು ಹೆಬ್ಬೆರಳುಗಳ ನಡುವೆ ಎಳೆದೆಳೆದು ನೋಡಿ, ಎಳೆ ಎಷ್ಟು ಉದ್ದ, ಎಷ್ಟು ಗಟ್ಟಿ, ಮಳೆಗೆ ಸಿಕ್ಕಿದೆಯೋ ಇಲ್ಲವೋ ಎಂದು ಹೇಳಬೇಕು. ನನ್ನ ಬೆರಳು ಸುಳ್ಳು ಹೇಳುವುದಿಲ್ಲ ಎಂದು ಪೇಟೆಯಲ್ಲಿ ಹೆಸರಿತ್ತು. ಆ ಹೆಸರು ನನ್ನ ತಲೆಗೂ ಸ್ವಲ್ಪ ಏರಿತ್ತು. ದೇಶ ಎರಡಾದಾಗ ಉದ್ದ ಎಳೆಯ ಹತ್ತಿ ಬೆಳೆಯುವ ನೆಲ ಬಹಳಷ್ಟು ಆಚೆ ಕಡೆಗೆ ಹೋಗಿತ್ತು. ವೆಸ್ಟ್ ಇಂಡೀಜಿನ ದ್ವೀಪಗಳಲ್ಲಿ ರೇಷ್ಮೆಯಂಥ ಹತ್ತಿ ಬೆಳೆಯುತ್ತಾರೆಂದು ನಮ್ಮ ಸಾವ್ಕಾರರು ಎಲ್ಲಿಯೋ ಓದಿ, ಅದರ ಬೀಜ ತಂದು ಮುಂಡರಗಿಯ ತಮ್ಮ ಎರೆ ಹೊಲದಲ್ಲಿ ಬಿತ್ತುವ ಕನಸು ಕಂಡರು. ಕನಸು ಅವರದು, ತಿರುಗಾಟ ನನ್ನದು.

"ಬಸಪ್ಪ, ಲಗ್ನಾಗಿ ಎರಡ ವರ್ಷ ಆತು, ಆ ಹುಡುಗಿನ್ನ ಲಕ್ಷ್ಮೇಶ್ವರ ಬಿಟ್ಟರ ಎಲ್ಲೆರ ಕರಕೊಂಡ ಹೋಗಿಯೇನ?" ಅಂದರು ಸಾವ್ಕಾರರು. "ಹಡಗಿನ್ಯಾಗ ಕೋಣಿ ಇಬ್ಬರಿಗೂ ಆಗ್ತೈತಿ. ಇಬ್ಬರೂ ಹೋಗಿ ಬರ್ರಿ."

ಆಗಿನ ಪಾಸ್‌ಪೋರ್ಟು ಹಾಗೆಯೇ ಇರುತ್ತಿತ್ತು. ಗಂಡನ ಪುಸ್ತಕದಲ್ಲೇ ಹೆಂಡತಿಯ ಫೋಟೋಕ್ಕೂ ಒಂದು ಜಾಗ. ಅರ್ಜಿ ಇಬ್ಬರಿಗೂ ಸೇರಿ ಹೋಯಿತು. ಪಾರವ್ವ ಗದುಗಿನ ಸ್ಟುಡಿಯೋಕ್ಕೆ ಬಂದಳು. ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ್ದ ಫೋಟೋದವನು ಅಲ್ಲಿಂದಲೇ "ಸೆರಗ ಸ್ವಲ್ಪ ಹಿಂದ ಸರಸ್ರಿ ಅಕ್ಕಾರ, ಮಾರಿ ಕಾಣವಲ್ದು" ಅಂದ. ಆಕೆ ನನ್ನ ಮುಖ ನೋಡಿ, ಎರಡು ಬೆರಳಿನಷ್ಟು ಹಿಂದಕ್ಕೆ ಸರಿಸಿದಳು. ಆವರೆಗೆ ಬೀದಿಯಲ್ಲಿ ಸೆರಗು ಸರಿಸಿದವಳಲ್ಲ. ಆಕೆ ಬಾಯಿ ಬಿಟ್ಟು ಹೇಳದೆ ಹ್ಞೂಂ ಅಂದದ್ದು ಅಲ್ಲಿಯೇ. ಹತ್ತಿಯ ಎಳೆ ಹಿಡಿದು ಮಳೆಯ ಖಬರು ಹೇಳುವ ನನಗೆ ಅದು ತಿಳಿಯಲಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಕಾಯಿದೆಯನ್ನು ಹೇಳಬೇಕು. ನಾವು ಇದ್ದದ್ದು ಬೆಟಗೇರಿಯಲ್ಲಿ, ನಾನು ಹುಟ್ಟಿದಾಗ ಅದು ಇಂಗ್ಲಿಷರದು. ಅವ್ವನ ತವರು ಶಿರಹಟ್ಟಿ, ಅದು ಸಾಂಗ್ಲಿಯ ರಾಜರದು. ಪಾರವ್ವ ಹುಟ್ಟಿದ ಲಕ್ಷ್ಮೇಶ್ವರ ಮಿರಜಿನ ರಾಜರದು. ಚಕ್ಕಡಿ ಹೂಡಿಕೊಂಡು ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಮೂರು ಸರಕಾರ ದಾಟಬಹುದಿತ್ತು. ಆದರೆ ಮೂರರಲ್ಲೂ ಊಟದ ಕಾಯಿದೆ ಒಂದೇ. ಯಾರಾದರೂ ಊಟಕ್ಕೆ ಕರೆದರೆ ಮೊದಲ ಸಲ ಒಲ್ಲೆ ಅನ್ನಬೇಕು. ಎರಡನೆಯ ಸಲ, ಹೊಟ್ಟೆ ತುಂಬೈತ್ರಿ ಅನ್ನಬೇಕು. ಮೂರನೆಯ ಸಲ ಕೈ ಹಿಡಿದು ಎಳೆದಾಗ, ನಿಮ್ಮ ಮಾತು ಮೀರಬಾರದಲ್ಲ ಎಂದು ಗೊಣಗುತ್ತ ಮಣೆಯ ಮೇಲೆ ಕೂಡಬೇಕು. ಮೊದಲ ಸಲವೇ ಹ್ಞೂಂ ಅಂದವನನ್ನು ಹಸಿದು ಬಂದವನೆಂದು ಆಡಿಕೊಳ್ಳುತ್ತಿದ್ದರು. ಒಂದೇ ಸಲ ಕೇಳಿ ಸುಮ್ಮನಾದವನನ್ನು ಅದಕ್ಕಿಂತ ಹೆಚ್ಚು ಆಡಿಕೊಳ್ಳುತ್ತಿದ್ದರು.

ಚಿಕ್ಕವನಿದ್ದಾಗ ನನಗೆ ಈ ಲೆಕ್ಕ ಹತ್ತುತ್ತಿರಲಿಲ್ಲ. ಅದಕ್ಕೆ ಅವ್ವ ಒಂದು ಉಪಾಯ ಮಾಡಿದ್ದಳು. ಬೀಗರ ಮನೆಗೆ ಹೋದಾಗ ನನ್ನ ಕೈ ಹಿಡಿದುಕೊಂಡೇ ಕೂಡುತ್ತಿದ್ದಳು. ಅವರು ಒಮ್ಮೆ ಕೇಳಿದರು, ಕೈ ಸುಮ್ಮನಿರುತ್ತಿತ್ತು, ನಾನು ಒಲ್ಲೆ. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲಕ್ಕೆ ಅವ್ವ ಮೆಲ್ಲಗೆ ಕೈ ಒತ್ತುತ್ತಿದ್ದಳು. ಅಂದರೆ ಇನ್ನು ತಿನ್ನಬಹುದು. ಒಮ್ಮೆ ಶಿಗ್ಲಿಯಲ್ಲಿ ಸೋದರತ್ತೆಯ ಮನೆಗೆ ಹೋಗಿದ್ದೆವು. ಅವ್ವ ನೀರಡಿಸಿ ಒಳಗೆ ಹೋಗಿದ್ದಾಗಲೇ ಅತ್ತೆ ಪರಾತದ ತುಂಬ ಶೇಂಗಾದ ಉಂಡಿ ತಂದಳು. ಕೈ ಒತ್ತುವವರಿಲ್ಲ. ಆಕೆ ಕೇಳುತ್ತ ಹೋದಳು, ನಾನು ಒಲ್ಲೆ ಅನ್ನುತ್ತ ಹೋದೆ. ಐದು ಸಲವೋ ಆರು ಸಲವೋ ಆಯಿತು. "ಹುಡುಗಗ ಮೈಯಾಗ ಆರಾಮ ಇಲ್ಲೇನ" ಎಂದು ಅತ್ತೆ ನನ್ನ ಹಣೆ ಮುಟ್ಟಿ ನೋಡಿ, ಪರಾತ ಒಳಗೆ ಒಯ್ದು, ನನಗೆ ಶುಂಠಿ ಕಷಾಯ ಕುಡಿಸಿದಳು. ಊರಿಗೆ ಬರುವವರೆಗೂ ಚಕ್ಕಡಿಯಲ್ಲಿ ಅಳುತ್ತಲೇ ಇದ್ದೆ.

ಇಷ್ಟು ತಿಂದ, ಅಂದರೆ ತಿನ್ನದೆ ಕಲಿತ ಮನುಷ್ಯ ನಾನು. ಈಗ ಕೇಳಿ ನಾನು ಮಾಡಿದ್ದನ್ನು.

ಹೊರಡಲು ನಾಲ್ಕು ದಿನವಿತ್ತು. ಪಾರವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವ್ವ ಮಗ್ಗುಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, ಸಂತೆಗೆ ಕರೆಯುವವನ ಹಾಗೆ, "ನೀನೂ ಬರ್ತಿ ಏನ?" ಎಂದು ಕೇಳಿದೆ.

ರೊಟ್ಟಿಯ ಸದ್ದು ನಿಂತಿತು. ಆಕೆ ತಿರುಗಲಿಲ್ಲ. "ನಾ ಒಲ್ಲೆರಿ. ಅತ್ತಿ ಒಬ್ಬರ ಆಗ್ತಾರ. ನೀವ ಹೋಗಿ ಬರ್ರಿ," ಅಂದಳು.

ಅವ್ವ ಸೊಪ್ಪು ಬಿಟ್ಟು ನನ್ನ ಕಡೆ ನೋಡಿದಳು. ಆ ನೋಟ ಈಗಲೂ ಕಣ್ಣ ಮುಂದಿದೆ. ಅತ್ತೆಯ ಎದುರಿಗೆ ಯಾವ ಸೊಸೆ ಹ್ಞೂಂ, ಬರುತ್ತೇನೆ ಅಂದಾಳು? ಇನ್ನೊಮ್ಮೆ ಕೇಳು ಎಂದು ಅವ್ವನ ಕಣ್ಣು ಹೇಳುತ್ತಿತ್ತು. ನಾನು "ಆತು ಹಂಗಾರ" ಎಂದು ಅಂಗಳಕ್ಕೆ ಹೊರಟುಹೋದೆ.

ತಿಳಿಯದೆ ಮಾಡಿದೆ ಅಂದರೆ ಸುಳ್ಳಾದೀತು. ಆಕೆ ಒಲ್ಲೆ ಅಂದದ್ದು ನನಗೆ ಒಳಗೊಳಗೇ ಅನುಕೂಲವಾಗಿತ್ತು. ಹಡಗಿನಲ್ಲಿ ಬಿಳಿಯರ ನಡುವೆ ಕಚ್ಚೆ ಸೀರೆಯುಟ್ಟು ಈಕೆ ನಡೆದರೆ, ಮೇಜಿನ ಮೇಲೆ ಚಮಚ ಮುಳ್ಳು ಇಟ್ಟಾಗ ಈಕೆ ಕೈಯಿಂದ ಉಂಡರೆ, ನನ್ನ ಮಾನವೇನಾದೀತು ಎಂದು ನಾನು ಆಗಲೇ ಬೆವತಿದ್ದೆ. ನನಗೂ ಚಮಚ ಹಿಡಿಯಲು ಬರುತ್ತಿರಲಿಲ್ಲ ಎಂಬುದು ಬೇರೆ ಮಾತು. ಆಕೆಯ ಮೊದಲನೆಯ ಒಲ್ಲೆಯನ್ನು ಹಿಡಿದುಕೊಂಡು ನಾನು ಓಡಿದೆ. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ಹೊರಡುವ ಬೆಳಿಗ್ಗೆ ಕೋಣೆಯಲ್ಲಿ ಆಕೆಯ ತವರಿನ ತಗಡಿನ ಟ್ರಂಕಿನ ಮೇಲೆ ಕೂತು ಹೊಸ ಬೂಟಿನ ಲಾಡಿ ಕಟ್ಟಿಕೊಂಡೆ. ಪಾರವ್ವ ಬಾಗಿಲಿಗೆ ಒರಗಿ ನಿಂತಿದ್ದಳು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳಿನ ಪುಡಿ ಎಲ್ಲ ಕಟ್ಟಿಯಾಗಿತ್ತು. ಒಂದೇ ಒಂದು ಮಾತು ಕೇಳಿದಳು.

"ಸಮುದ್ರ ಖರೇನ ನೀಲಿ ಇರ್ತೈತೇನ್ರಿ?"

"ನೋಡಿ ಬಂದು ಹೇಳ್ತೀನಿ," ಅಂದೆ.

ಮುಂಬಯಿಯಿಂದ ವಿಲಾಯತಿಗೆ, ಅಲ್ಲಿಂದ ಇನ್ನೊಂದು ಹಡಗು ಹಿಡಿದು ದ್ವೀಪಗಳಿಗೆ. ಹತ್ತಿ ನೋಡುವ ಕೆಲಸವಿದ್ದದ್ದು ಒಂದೇ ದ್ವೀಪದಲ್ಲಿ. ಹಡಗು ಮಾತ್ರ ಐದಾರು ಕಡೆ ಒಂದೊಂದು ದಿನ ನಿಲ್ಲುತ್ತಿತ್ತು. ಬಂದರು ಬರುವ ಹಿಂದಿನ ದಿನ ಡೆಕ್ಕಿನ ಮೇಲೆ ಒಂದು ಕಾಗದ ತೂಗುಹಾಕುತ್ತಿದ್ದರು. ಅದರಲ್ಲಿ ಹೆಸರು ಬರೆದವರನ್ನು ಮೋಟಾರಿನಲ್ಲಿ ಕೂಡಿಸಿಕೊಂಡು ಊರು ತೋರಿಸಿ ತರುತ್ತಿದ್ದರು. ನಾನು ಒಂದು ಕಡೆಯೂ ಹೆಸರು ಬರೆಯಲಿಲ್ಲ. ಸಾವ್ಕಾರರ ದುಡ್ಡಿನಲ್ಲಿ ಮೋಜು ಯಾಕೆ ಎಂಬ ಸಂಕೋಚ ಒಂದು. ಆ ಮೋಟಾರುಗಳಲ್ಲಿ ಎಲ್ಲರೂ ಗಂಡ ಹೆಂಡತಿ ಜೋಡಿಯಾಗಿ ಕೂಡುತ್ತಿದ್ದದ್ದು ಇನ್ನೊಂದು. ಅವರು ಹೋದ ಮೇಲೆ ನಾನು ಕೋಟಿನ ಜೇಬಿನಲ್ಲಿ ಎರಡು ರೊಟ್ಟಿ ಸುತ್ತಿಟ್ಟುಕೊಂಡು ನಡೆಯುತ್ತಿದ್ದೆ. ಅದೂ ಹಡಗಿನ ಹೊಗೆಕೊಳವೆ ಕಾಣುವಷ್ಟೇ ದೂರ. ಗದಗ ಸ್ಟೇಶನ್ನಿನಲ್ಲಿ ನೀರಿಗೆ ಇಳಿದರೂ ಗಾಡಿಯ ಮೇಲಿನ ಕಣ್ಣು ತೆಗೆಯದ ಮನೆತನ ನಮ್ಮದು. ಸಂದಿ ತಿರುಗಿ ಹೊಗೆಕೊಳವೆ ಮರೆಯಾದರೆ ಹಿಂದಕ್ಕೆ ಬರುತ್ತಿದ್ದೆ. ಹೀಗಾಗಿ ಆ ದ್ವೀಪಗಳ ಮುಂಬಾಗಿಲನ್ನಷ್ಟೇ ನಾನು ಬಲ್ಲೆ.

ಮೊದಲು ಸಿಕ್ಕ ಬಂದರು ಬಾರ್ಬಡೋಸಿನದು. ಇಳಿಯುವ ಮೊದಲು ಅಧಿಕಾರಿಯೊಬ್ಬ ಪಾಸ್‌ಪೋರ್ಟು ತೆರೆದು, ಎರಡು ಫೋಟೋ ನೋಡಿ, ನನ್ನ ಹಿಂದೆ ಮುಂದೆ ನೋಡಿದ.

"ನಿಮ್ಮ ಹೆಂಡತಿ ಎಲ್ಲಿ?"

"ಮನೆಯಲ್ಲಿ. ಬರಲು ಒಲ್ಲೆ ಅಂದಳು," ಎಂದೆ, ನನ್ನ ಮೆಟ್ರಿಕ್ ಇಂಗ್ಲಿಷಿನಲ್ಲಿ. ಆತ ನಕ್ಕು ಮುದ್ರೆ ಒತ್ತಿದ. ನಾನೂ ನಕ್ಕೆ.

ಹಡಗು ದೂರ ಸಮುದ್ರದಲ್ಲೇ ನಿಂತಿತ್ತು, ದೋಣಿಯಲ್ಲಿ ದಂಡೆಗೆ ಬಂದೆವು. ದಂಡೆಯ ಹತ್ತಿರದ ಓಣಿಯಲ್ಲಿ ಒಬ್ಬ ಸಿಂಪಿಗನ ಅಂಗಡಿ. ಆತನ ಹೆಸರು ಜೋಸೆಫ್. ದೊಡ್ಡ ಆಳು, ಕಪ್ಪು ಮುಖದಲ್ಲಿ ಬಿಳಿ ಹುಬ್ಬು. ನೆರಳಿಗೆಂದು ನಿಂತವನು ಅಭ್ಯಾಸಬಲದಿಂದ ಅಲ್ಲಿ ತೂಗುಬಿಟ್ಟಿದ್ದ ಅಂಗಿಯ ಬಟ್ಟೆ ಮುಟ್ಟಿದೆ. ಮುಟ್ಟಿದ ರೀತಿ ನೋಡಿಯೇ ಆತನಿಗೆ ನಾನು ಯಾವ ಕೆಲಸದವನೆಂದು ಗೊತ್ತಾಯಿತು. ಸ್ಟೂಲು ಕೊಟ್ಟ. ಮಾತಿಗೆ ಮಾತು ಬೆಳೆಯಿತು. ಅವನಾಡಿದ್ದು ಅವನ ಇಂಗ್ಲಿಷು, ಆದರೆ ನನ್ನ ನೆನಪಿನಲ್ಲಿ ಯಾಕೋ ಅದು ನಮ್ಮ ಮಾತಾಗಿಯೇ ಉಳಿದಿದೆ.

ಮಧ್ಯಾಹ್ನ ಅವನ ಹೆಂಡತಿ ಮಾರ್ಥಾ ಹಿಂದಿನ ಕೋಣೆಯಿಂದ ಪಾತ್ರೆ ತಂದಳು. ಮುಚ್ಚಳ ತೆಗೆದಾಗ ಗಮ್ಮೆಂದಿತು. ಹಸಿ ತೊಗರಿಕಾಳು ಹಾಕಿದ ಅನ್ನ! ಮೀನು ಬೇರೆ ತಟ್ಟೆಯಲ್ಲಿತ್ತು, ಅದರ ತಂಟೆ ನನಗಿರಲಿಲ್ಲ. ವಾರಗಟ್ಟಲೆ ಬ್ರೆಡ್ಡು, ಬೇಯಿಸಿದ ಬಟಾಟೆ ತಿಂದಿದ್ದ ನನಗೆ ತೊಗರಿಯ ವಾಸನೆಗೆ ಬಾಯಲ್ಲಿ ನೀರು ಬಂತು.

"ಬಾರಪಾ, ಊಟಾ ಮಾಡು," ಅಂದ ಜೋಸೆಫ್.

"ಒಲ್ಲೆರಿ, ನಂದ ಆಗೇತಿ," ಅಂದೆ, ಮೈತುಂಬ ಸಭ್ಯತೆ ಹೊತ್ತುಕೊಂಡು.

"ಆತು," ಅಂದ ಜೋಸೆಫ್. ಗಂಡ ಹೆಂಡತಿ ಎದುರು ಬದುರು ಕೂತು ಉಣ್ಣತೊಡಗಿದರು.

ನಾನು ಎರಡನೆಯ ಕರೆಗೆ ಕಾದೆ. ಕಾದೇ ಕಾದೆ. ಬಟ್ಟೆಯ ಥಾನುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ, ಕೆಮ್ಮಿದೆ, ಅನ್ನದ ಬಣ್ಣ ಚೆನ್ನಾಗಿದೆ ಎಂದು ಹೊಗಳಿದೆ. ಮಾರ್ಥಾ ಸಂತೋಷಪಟ್ಟು ಗಂಡನಿಗೆ ಇನ್ನೊಂದು ಸೌಟು ಬಡಿಸಿದಳು. ಕೊನೆಗೆ ಚಮಚ ಪಾತ್ರೆಯ ತಳ ಕೆರೆಯುವ ಸದ್ದು ಕೇಳಿತು. ಅವರಲ್ಲಿ ಕಪಟವಿರಲಿಲ್ಲ. ಒಲ್ಲೆ ಅಂದವನು ಒಲ್ಲದವನು, ಅಷ್ಟೇ ಅವರ ಲೆಕ್ಕ.

ದಂಡೆಯ ಕಟ್ಟೆಯ ಮೇಲೆ ಕೂತು ಜೇಬಿನ ರೊಟ್ಟಿ ಮುರಿದೆ. ಶಿಗ್ಲಿಯ ಶುಂಠಿ ಕಷಾಯ ನೆನಪಾಗಿ ಒಬ್ಬನೇ ನಕ್ಕೆ. ನಗುತ್ತಿದ್ದವನ ಕೈಯಲ್ಲಿ ರೊಟ್ಟಿ ಇತ್ತಲ್ಲ, ಅದನ್ನು ಬಡಿಯುತ್ತಿದ್ದ ಸದ್ದು, ಅದು ನಿಂತದ್ದು, ತಿರುಗದ ಆಕೆಯ ಬೆನ್ನು, ಅವ್ವನ ನೋಟ ಎಲ್ಲ ಒಂದರ ಹಿಂದೊಂದು ಬಂದವು. ಎರಡನೆಯ ಕರೆಗೆ ಕಾಯುವುದೆಂದರೆ ಏನೆಂದು ಈಗಷ್ಟೇ ಅರ್ಧ ತಾಸು ನಿಂತು ಕಲಿತಿದ್ದೆ. ಆಕೆ ನಾಲ್ಕು ದಿನ ಕಾದಿದ್ದಳು. ಜೋಸೆಫನಿಗೆ ನಮ್ಮ ಕಾಯಿದೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಆಮೇಲಿನ ಬಂದರುಗಳು ನನಗೆ ರುಚಿಸಲಿಲ್ಲ. ಪ್ರತಿ ಕಡೆಯೂ ಅಧಿಕಾರಿ ಪುಸ್ತಕ ತೆರೆಯುವನು, ಹೆಂಡತಿ ಎಲ್ಲಿ ಎಂದು ಕೇಳುವನು. ಮೊದಲು ನಗುತ್ತ ಕೊಟ್ಟ ಉತ್ತರ ಆಮೇಲಾಮೇಲೆ "ಮನೆಯಲ್ಲಿ" ಎಂಬ ಒಂದೇ ಮಾತಿಗೆ ಇಳಿಯಿತು. ಒಂದು ಕಡೆ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಕೈಬಿಟ್ಟು ನಡೆಯುವುದನ್ನು ನೋಡಿದೆ. ಪಾರವ್ವ ಎರಡು ಕೊಡ ಹೊತ್ತು ಹೀಗೆಯೇ ನಡೆಯುತ್ತಾಳೆ, ನೋಡಿದ್ದರೆ ಇವರ ಜೊತೆ ಪಂದ್ಯ ಕಟ್ಟುತ್ತಿದ್ದಳು ಅನಿಸಿತು. ಇನ್ನೊಂದು ಕಡೆ ಸಮುದ್ರ ದಂಡೆಯಲ್ಲಿ ಹಸಿರು, ಮುಂದೆ ನೀಲಿ, ಅದರಾಚೆ ಕಪ್ಪು. ಎಷ್ಟು ಹೊತ್ತು ನೋಡಿದರೂ, ಬಂದು ಹೇಳ್ತೀನಿ ಅಂದವನಿಗೆ ಹೇಳುವ ಮಾತು ಕೂಡಲಿಲ್ಲ. ಇದು ಹೇಳುವಂಥದಲ್ಲ, ತೋರಿಸುವಂಥದು ಎಂದು ಗೊತ್ತಾಯಿತು. ಹಡಗಿನಲ್ಲಿ ನನ್ನ ಕೋಣೆಯ ಎರಡನೆಯ ಹಾಸಿಗೆಯ ಮೇಲೆ ರೊಟ್ಟಿಯ ಬುತ್ತಿ ಮಲಗಿತ್ತು.

ಬೀಜ ಕೊಂಡು ಮರಳುವಾಗ ಹಡಗು ಮತ್ತೆ ಬಾರ್ಬಡೋಸಿನಲ್ಲಿ ನಿಂತಿತು. ನೆಟ್ಟಗೆ ಜೋಸೆಫನ ಅಂಗಡಿಗೆ ಹೋದೆ. "ಊಟಾ ಮಾಡ್ತಿಯೇನ?" ಎಂದು ಆತ ಬಾಯಿ ತೆರೆಯುವಷ್ಟರಲ್ಲಿ "ಮಾಡ್ತೀನಿ" ಎಂದು ಕೂತುಬಿಟ್ಟೆ. ಎರಡು ಸಲ ಹಾಕಿಸಿಕೊಂಡೆ. ಉಣ್ಣುತ್ತ ಹಿಂದಿನ ಸಲದ ಕಥೆ, ನಮ್ಮ ಮೂರು ಸಲದ ಕಾಯಿದೆ ಎಲ್ಲ ಹೇಳಿದೆ. ಜೋಸೆಫ್ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಹುರುಪಿನಲ್ಲಿ ಪಾಸ್‌ಪೋರ್ಟು ತೆಗೆದು ಪಾರವ್ವನ ಫೋಟೋ ತೋರಿಸಿದೆ. ಬರಲು ಒಲ್ಲೆ ಅಂದಳು ಎಂದೂ ಹೇಳಿದೆ. ಮಾರ್ಥಾ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

"ಆಕಿನ್ನ ಎಷ್ಟ ಸಲಾ ಕೇಳಿದಿ?" ಅಂದಳು.

ಬಾಯಲ್ಲಿ ತುತ್ತಿತ್ತು, ಅದೇ ನೆಪವಾಯಿತು. ಮಾರ್ಥಾ ಇನ್ನೇನೂ ಕೇಳದೆ ಒಳಗೆ ಹೋಗಿ, ಹುಣಸೆಹಣ್ಣು ಸಕ್ಕರೆ ಕೂಡಿಸಿ ಕಟ್ಟಿದ ಉಂಡೆಗಳನ್ನು ಒಂದು ಡಬ್ಬಿಯಲ್ಲಿ ತುಂಬಿ ತಂದಳು. ಆಕೆಗೆ ಕೊಡು ಅಂದಳು. ನಮ್ಮ ಚಿಗಳಿಯೇ ಅದು, ಕಡ್ಡಿ ಚುಚ್ಚಿರಲಿಲ್ಲ ಅಷ್ಟೇ.

ನಾನು ಬೆಟಗೇರಿಗೆ ಬಂದಾಗ ಚಳಿ ಬಿದ್ದಿತ್ತು. ನಾನಿಲ್ಲದಾಗ ಕನ್ನಡ ನಾಡು ಒಂದಾಗಿತ್ತು. "ಮುಂಬೈ ರಾಜ್ಯದಾಂವ ಅಂತ ಬರಸಿಕೊಂಡ ಹೋದ್ರಿ, ಈಗ ಮೈಸೂರ ರಾಜ್ಯದ ಮನಿಗೆ ಬಂದೀರಿ. ಒಳಗ ಬಿಡಬೇಕೋ ಬ್ಯಾಡೋ ನೋಡಬೇಕ," ಎಂದು ಪಾರವ್ವ ಬಾಗಿಲಲ್ಲೇ ಕಾಲಿಗೆ ನೀರು ಕೊಡುತ್ತ ಚೇಷ್ಟೆ ಮಾಡಿದಳು. ಮೆರವಣಿಗೆ ಬಂದಿತ್ತಂತೆ, ಅತ್ತೆ ಸೊಸೆ ಕಟ್ಟೆಯ ಮೇಲೆ ನಿಂತು ನೋಡಿದರಂತೆ, ಪೇಢೆ ಹಂಚಿದರಂತೆ. ನಾನು ಡಬ್ಬಿ ಕೊಟ್ಟೆ. ಒಂದು ಉಂಡೆ ಬಾಯಿಗೆ ಹಾಕಿಕೊಂಡು, "ಜೀರಿಗಿ ಹಾಕಿಲ್ಲ, ಉಪ್ಪೂ ಕಮ್ಮಿ ಆಗೇತಿ," ಅಂದಳು. ಆದರೂ ಡಬ್ಬಿಯನ್ನು ಯಾರಿಗೂ ಕೊಡಲಿಲ್ಲ. ಜೋಸೆಫನ ಅಂಗಡಿಯ ಕಥೆ ಹೇಳಿದೆ. ಎಲ್ಲರಿಗಿಂತ ಹೆಚ್ಚು ಆಕೆಯೇ ನಕ್ಕಳು. ನಗು ಮುಗಿದ ಮೇಲೆ ಎದ್ದು ಒಳಗೆ ಹೋದಳು. ಅವ್ವ ನನ್ನನ್ನೇ ನೋಡಿ ಸಣ್ಣ ದನಿಯಲ್ಲಿ, "ಇಷ್ಟ ದೊಡ್ಡಾಂವ ಆಗಿ, ಇನ್ನೂ ನಾನ ಕೈ ಒತ್ತಬೇಕಾಗಿತ್ತೇನೋ?" ಅಂದಳು.

ಬೀಜದ ಕಥೆ ಎರಡು ಮಾತಿನಲ್ಲಿ ಮುಗಿಯುತ್ತದೆ. ಮುಂಡರಗಿಯ ಎರೆಯಲ್ಲಿ ಅದು ಆಳೆತ್ತರ ಬೆಳೆದು, ಎಲೆಯನ್ನಷ್ಟೇ ಬಿಟ್ಟಿತು. ದನಗಳಿಗೆ ಒಳ್ಳೆಯದಾಯಿತು.

ಆಮೇಲಾದರೂ ಕೇಳಬಹುದಿತ್ತು. ಹುಬ್ಬಳ್ಳಿ ದಾಟಿ ಘಟ್ಟ ಇಳಿದರೆ ಸಮುದ್ರವೇ. ಆದರೆ ಕೇಳಿದರೆ ಹಿಂದಿನದನ್ನು ಎತ್ತಿ ಹೇಳಿದಂತಾಗುತ್ತದೆ ಎಂಬ ಅಂಜಿಕೆ. ಮುಂದಿನ ವರ್ಷ ಮುಂದಿನ ವರ್ಷ ಎನ್ನುತ್ತ ಮಕ್ಕಳಾದರು, ಅವ್ವ ಹೋದಳು, ಮಕ್ಕಳ ಮದುವೆಗಳಾದವು. ನನಗೆ ಧೈರ್ಯ ಬರುವ ಹೊತ್ತಿಗೆ ಪಾರವ್ವನ ಮೊಣಕಾಲು ಹೋಗಿದ್ದವು.

ಆಕೆ ತೀರುವ ಹಿಂದಿನ ವರ್ಷ, ಒಂದು ಮಧ್ಯಾಹ್ನ, ಪಡಸಾಲೆಯಲ್ಲಿ ಆಕೆ ಕಾಲು ಚಾಚಿ ಕೂತಿದ್ದಳು. ನಾನು ಹತ್ತಿರ ಕೂತು, "ನಡಿ, ಕಾರವಾರಕ್ಕ ಹೋಗೂಣು. ಸಮುದ್ರ ನೋಡೂಣು," ಅಂದೆ.

"ಒಲ್ಲೆರಿ."

"ಮೋಟಾರ ಮಾಡಸ್ತೀನಿ. ನಡಿಯೂದೇನಿಲ್ಲ. ನಡಿ."

"ಒಲ್ಲೆರಿ. ಕಾಲ ನೂಸ್ತಾವು."

ಆಕೆಯ ಕೈ ಹಿಡಿದೆ. "ಮೂರನೇ ಸಲಾ ಕೇಳಾಕತ್ತೀನಿ, ಪಾರಿ."

ಆಕೆ ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಳ್ಳೆಯದಿತ್ತು.

"ಈ ಸಲದ್ದು ಖರೇನ ಒಲ್ಲೆರಿ," ಅಂದಳು. "ಅವಾಗಿಂದು ಖರೇ ಇರಲಿಲ್ಲ. ಇನ್ನೊಮ್ಮೆ ಕೇಳ್ತೀರಿ ಅಂತ ನಾಕು ಸೀರಿ, ಒಂದ ಚಾದರ ಟ್ರಂಕಿನ್ಯಾಗ ತುಂಬಿ, ಮಂಚದ ಬುಡಕಿಂದ ಹೊರಗ ಎಳದ ಇಟ್ಟಿದ್ದೆ. ನೀವು ಹೋದ ಮ್ಯಾಲ ತಗದೆ."

ನಾನು ಕೂತು ಬೂಟಿನ ಲಾಡಿ ಕಟ್ಟಿಕೊಂಡದ್ದು ಆ ಟ್ರಂಕಿನ ಮೇಲೆಯೇ.